ಕಾಪುವಿನ ಮರಳು, ಜೀಪಿನ ಹಳದಿ ದೀಪ

"ಇದಕ್ಕೆ ಎಂತದೋ ಭೂತ ಹಿಡಿದುಂಟು ಮಾರಾಯ," ಎಂದರು ಜೀಪಿನ ಚಾಲಕರು. "ಲಾಕ್ ಹಾಕಿದರೆ ದೀಪ ಬರುವುದಿಲ್ಲ. ಹಾಕದೆ ಸುಮ್ಮನೆ ಹೋಗುವಾಗ ತನ್ನಷ್ಟಕ್ಕೇ ಹೊತ್ತಿಕೊಳ್ತದೆ."

ಎಂಬತ್ತರ ದಶಕದ ಮೊದಲ ವರ್ಷಗಳು. ಮಳೆಗಾಲ ಆಗಷ್ಟೇ ಮುಗಿದಿತ್ತು. ಆದಿ ಉಡುಪಿಯಲ್ಲಿ, ರಸ್ತೆಗೆ ಬಾಗಿಲಿದ್ದ ಒಂದು ಕೋಣೆಯಲ್ಲಿ ನಾನು ವಾಹನಗಳ ವಯರಿಂಗ್ ಕೆಲಸ ಮಾಡುತ್ತಿದ್ದೆ. ಲಾರಿಗಳ ಡೈನಮೋ, ಬಸ್ಸುಗಳ ಸ್ಟಾರ್ಟರ್, ಕಾರುಗಳ ಹಾರ್ನು ನನಗೆ ಕೈವಶವಾಗಿದ್ದವು. ಈ ಜೀಪಿನಂಥದ್ದನ್ನು ಮಾತ್ರ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಳ್ಳಿಗಳಲ್ಲಿ ವೈದ್ಯಕೀಯ ಸೇವೆ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆಗೆ ಹೊರದೇಶದ ದಾನಿಗಳು ಕೊಟ್ಟ ವಾಹನ ಅದು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತಿತ್ತು. ವಾರದ ಒಂದು ದಿನ ಕಾಪುವಿನ ಕಡಲಂಚಿನಲ್ಲಿ, ಇನ್ನೊಂದು ದಿನ ಕಾರ್ಕಳದಾಚೆ ಘಟ್ಟದ ಬುಡದಲ್ಲಿ ಓಡಾಡುತ್ತಿತ್ತು. ಮೈತುಂಬ ಉಪ್ಪು ಮತ್ತು ಕೆಂಪು ಮಣ್ಣು ಒಂದರ ಮೇಲೊಂದು ಒಣಗಿ, ಎಲ್ಲೋ ಕನಸಿನಲ್ಲಿ ದೂರ ಹೋಗಿ ಬಂದ ಪ್ರಾಣಿಯ ಹಾಗೆ ಅದು ನನ್ನ ಬಾಗಿಲಲ್ಲಿ ನಿಂತಿತ್ತು.

ಚಾಲಕರು ಪಡುಬಿದ್ರಿಯವರು, ನನಗಿಂತ ಹತ್ತಾರು ವರ್ಷ ಹಿರಿಯರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ ನಡೆಯುತ್ತಿತ್ತು. ಅವರ ಜೊತೆ ಬಂದಿದ್ದ ಡಾಕ್ಟರಮ್ಮನ ಮನೆಮಾತು ಕೊಂಕಣಿಯಾದ್ದರಿಂದ ಮೂವರೂ ಸೇರಿದಾಗ ಕನ್ನಡ.

ದೀಪದ ಕಥೆ ಹೀಗೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸುತ್ತಬೇಕು, ಒಳಗಿನದು ಕಡಿಮೆ. ಎರಡೂ ತಮ್ಮ ತಮ್ಮ ವೇಗದಲ್ಲಿ ತಿರುಗಲು ಬಿಡುವುದು ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ, ಅಂದರೆ ಆಕ್ಸಲ್‌ನ ನಡುವಿನ ಗುಂಡು ಪೆಟ್ಟಿಗೆಯಲ್ಲಿರುವ ಡಿಫರೆನ್ಶಿಯಲ್. ಆದರೆ ಒಂದು ಚಕ್ರ ಮರಳಿನಲ್ಲಿ ಹೂತರೆ ಬಲವೆಲ್ಲ ಅದಕ್ಕೇ ಹರಿದು, ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಇನ್ನೊಂದು ಸುಮ್ಮನಿರುತ್ತದೆ. ಆಗ ಸೀಟಿನ ಪಕ್ಕದ ಲಿವರ್ ಎಳೆದರೆ ಹಲ್ಲಿಗೆ ಹಲ್ಲು ಕಚ್ಚಿ ಎರಡೂ ಚಕ್ರ ಒಂದಾಗುತ್ತವೆ. ಇದೇ ಲಾಕ್. ಕಚ್ಚಿತೋ ಇಲ್ಲವೋ ಎಂದು ಚಾಲಕನಿಗೆ ಹೇಳಲು ಆಕ್ಸಲ್‌ನ ಹೊಟ್ಟೆಗೆ ತಿರುಪಿ ಕೂರಿಸಿದ, ಹೆಬ್ಬೆರಳಿನ ಗಾತ್ರದ ಒಂದು ಸ್ವಿಚ್ಚು. ಹಲ್ಲು ಕಚ್ಚಿದಾಗ ಸ್ವಿಚ್ಚಿನ ತುದಿಯ ಸಣ್ಣ ಪಿನ್ನು ಒಳಕ್ಕೆ ಒತ್ತಿಕೊಳ್ಳುತ್ತದೆ, ಮುಂದೆ ಸ್ಟಿಯರಿಂಗ್ ಹತ್ತಿರ ಹಳದಿ ದೀಪ ಹೊತ್ತುತ್ತದೆ.

"ದೀಪ ಇಲ್ಲದಿದ್ದರೆ ಗಾಡಿ ಓಡುವುದಿಲ್ಲವಾ ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಓಡ್ತದೆ. ಅದೇ ತೊಂದರೆ," ಎಂದರು ಅವರು. ಹಿಂದಿನ ವರ್ಷದ ಬೇಸಿಗೆಯಲ್ಲಿ ಬದಲಿ ಚಾಲಕರೊಬ್ಬರು ಲಾಕ್ ಬಿಟ್ಟಿದ್ದೇನೆ ಎಂದುಕೊಂಡು ಡಾಂಬರು ರಸ್ತೆಗೆ ಬಂದಿದ್ದರಂತೆ. ಕಾರ್ಕಳದ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಾಗದೆ ಹಿಂದಿನ ಶಾಫ್ಟ್ ತುಂಡಾಯಿತು. ಗಾಡಿ ಆ ಮಳೆಗಾಲವಿಡೀ ಶೆಡ್ಡಿನಲ್ಲಿ ಮಲಗಿತು. ಇನ್ನೊಮ್ಮೆ ಮುರಿದರೆ ಬದಲಿ ಸಾಮಾನು ತರಿಸುವವರು ಯಾರೂ ಇರಲಿಲ್ಲ. "ಹಾಗಾಗಿ ದೀಪ ಸತ್ಯ ಹೇಳುವವರೆಗೆ ಮರಳಿಗೆ ಇಳಿಯುವುದಿಲ್ಲ ಎಂದು ನಾನೇ ನಿಯಮ ಮಾಡಿದ್ದೇನೆ. ಆದರೆ ಆ ಕಡೆಯವರು ಕಾಯ್ತಾ ಇದ್ದಾರೆ."

ಆ ಕಡೆ ಎಂದರೆ ಕಾಪುವಿನಿಂದ ದಕ್ಷಿಣಕ್ಕೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿದ್ದ ಮರಳಿನ ಪಟ್ಟಿ. ಮೀನುಗಾರರ, ಕಳ್ಳು ಇಳಿಸುವವರ ಮನೆಗಳಿದ್ದವು. ರಸ್ತೆ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲೇ ಆದ್ದರಿಂದ ಆ ಮರಳು ನನಗೆ ಗೊತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿ ನಿಂತರೆ ತೆಂಗಿನ ಮರಗಳೆಲ್ಲ ಬುಡ ಬಿಟ್ಟು ಗಾಳಿಯಲ್ಲಿ ತೇಲುವಂತೆ ಕಾಣುತ್ತವೆ.

ಜೀಪಿನ ಅಡಿಗೆ ನುಸುಳಿ ಸ್ವಿಚ್ಚು ಬಿಚ್ಚಿದೆ. ಪಿನ್ನು ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು. ವಯರಿನ ಸಿಪ್ಪೆ ಕಲ್ಲಿಗೆ ಉಜ್ಜಿ ಹೋಗಿ ತಾಮ್ರದ ಎಳೆಗಳು ಗಾಡಿಯ ಕಬ್ಬಿಣದ ಚಾಸಿಗೆ ತಾಗುತ್ತಿದ್ದವು. ತನ್ನಷ್ಟಕ್ಕೇ ದೀಪ ಹೊತ್ತುತ್ತಿದ್ದದ್ದು ಅದರಿಂದ. "ನಿಮ್ಮ ಭೂತ ಸಿಕ್ಕಿತು ಅಣ್ಣ," ಎಂದೆ. ಅವರು ನಗಲಿಲ್ಲ.

ಹುಣಸೆ ನೀರಿನಲ್ಲಿ ನೆನೆಸಿ ಕಿಲುಬು ಬಿಡಿಸಿದೆ. ಮಲ್ಪೆಯ ಒಂದು ದೋಣಿಯಿಂದ ಕಳಚಿದ ಹಳೆಯ ಗನ್‌ಮೆಟಲ್ ಬುಷ್, ಕಂಚಿನಂಥ ಲೋಹದ ಬಳೆ, ಸಿಕ್ಕಿತ್ತು. ಉಪ್ಪುನೀರಿನಲ್ಲೇ ಬದುಕಿದ ಲೋಹವಾದ್ದರಿಂದ ಅದು ತುಕ್ಕಿಗೆ ಹೆದರುವುದಿಲ್ಲ. ಪಕ್ಕದ ಲೇತ್‌ನಲ್ಲಿ ಅದರಿಂದ ಹೊಸ ಪಿನ್ನು ಕಡೆಸಿದೆ. ಸ್ವಿಚ್ಚು ಎಷ್ಟು ಆಳಕ್ಕೆ ಕೂರಬೇಕು ಎನ್ನುವುದೇ ಇಲ್ಲಿ ಸೂಕ್ಷ್ಮ. ತುಸು ಆಳವಾದರೆ ದೀಪ ಸದಾ ಉರಿಯುತ್ತದೆ, ತುಸು ಮೇಲಾದರೆ ಹೊತ್ತುವುದೇ ಇಲ್ಲ. ತಾಮ್ರದ ವಾಷರನ್ನು ಕಲ್ಲಿನ ಮೇಲೆ ತೇದು ತೇದು ತೆಳ್ಳಗೆ ಮಾಡಿ, ಹಾಕಿ, ತೆಗೆದು, ಮತ್ತೆ ತೇದೆ. ಚಾಲಕರು ಮೇಲೆ ಕೂತು ಲಿವರ್ ಎಳೆಯುವರು, ಬಿಡುವರು. "ಬಂತಾ?" "ಇಲ್ಲ." "ಈಗ?" "ಇಲ್ಲ ಮಾರಾಯ." ಕೊನೆಗೊಮ್ಮೆ ಮೇಲಿನಿಂದ ಮಾತೇ ಬರಲಿಲ್ಲ. ಹೊರಗೆ ಬಂದು ನೋಡಿದರೆ ಅವರು ದೀಪವನ್ನೇ ನೋಡುತ್ತ ಕೂತಿದ್ದರು. ಸಂಜೆಯಾಗಿತ್ತು. ಅರಿಶಿನದಂಥ ಬೆಳಕು ಅವರ ಗಲ್ಲದ ಮೇಲೆ ಬಿದ್ದಿತ್ತು.

ಇನ್ನು ರಕ್ಷಣೆಯ ಕೆಲಸ. ಸ್ವಿಚ್ಚಿನ ತಲೆಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ಒಳಗೆ ಗ್ರೀಸ್ ತುಂಬಿ, ಎರಡೂ ಕಡೆ ಬಿಗಿಯಾಗಿ ತಂತಿ ಸುತ್ತಿದೆ. ಕಲ್ಲು ಬಡಿಯದಂತೆ ತಗಡಿನ ಕವಚ ಮಾಡಿದೆ. ಗಾಳಿಯೂ ಹೋಗದು ಎಂದುಕೊಂಡೆ.

ಮರಳಿಗೆ ಇಳಿಸುವ ಮೊದಲು ಘಟ್ಟದ ಕಡೆಯ ಸುತ್ತಾಟದಲ್ಲಿ ಪರೀಕ್ಷೆಯಾಗಲಿ ಎಂದರು ಡಾಕ್ಟರಮ್ಮ. ಒಂದು ಸುತ್ತು ಚೆನ್ನಾಗಿ ಕಳೆಯಿತು. ಎರಡನೆಯದರಲ್ಲಿ ದೀಪ ಮಂಕಾಯಿತು. ಮೂರನೆಯದರಲ್ಲಿ ಸತ್ತಿತು. ಬಿಚ್ಚಿ ನೋಡಿದರೆ ಗ್ರೀಸು ಹಾಗೇ ಇದೆ, ತಂತಿ ಸಡಿಲವಾಗಿಲ್ಲ. ಆದರೆ ಒಳಗೆ ನೀರು. ಅಂಗೈಗೆ ಸುರಿದುಕೊಂಡೆ. ತಣ್ಣಗಿನ, ಕೆಂಪು ನೀರು.

ದೋಣಿಗಳ ಸಂದು ಮುಚ್ಚುವ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಅದರ ಮೇಲೆ ಹೊಯ್ದೆ. ಗಟ್ಟಿ ಕಲ್ಲಾಯಿತು. ಆಕ್ಸಲ್ ಬಿಸಿಯಾದಾಗ ಬಿರುಕು ಬಿಟ್ಟಿತು. ಮತ್ತೆ ನೀರು. ನನಗೆ ಒಂಥರಾ ಮಂಪರು ಹಿಡಿಯಿತು. ಊಟಕ್ಕೆ ಕೂತಾಗಲೂ ಕಣ್ಣ ಮುಂದೆ ಆ ಸ್ವಿಚ್ಚು. ಹೆಂಡತಿ ಬಡಿಸಿದ ಸಾರು ಅನ್ನದ ಗುಡ್ಡೆಯೊಳಗೆ ಎಲ್ಲಿಂದ ಇಳಿಯುತ್ತದೆ ಎಂದು ನೋಡುತ್ತ ಕೂತಿದ್ದೆನಂತೆ. "ಉಣ್ಣಿ, ಅದು ಜೀಪಲ್ಲ," ಎಂದಳು.

ಕೊನೆಗೆ ನಾನೂ ಗಾಡಿಯಲ್ಲಿ ಬರುತ್ತೇನೆ ಎಂದೆ. ಅಂಗಡಿ ಮುಚ್ಚಿ, ಕಾರ್ಕಳದಾಚೆಗಿನ ಸುತ್ತಾಟಕ್ಕೆ ಹೊರಟೆ. ಡಾಕ್ಟರಮ್ಮ ಒಂದು ಹಳ್ಳಿಯ ಶಾಲೆಯಲ್ಲಿ ರೋಗಿಗಳನ್ನು ನೋಡಿ ಮುಗಿಸಿದರು. ಅಲ್ಲಿಂದ ಬಂಡೆಗಳ ನಡುವೆ ಉದ್ದಕ್ಕೂ ಏರು, ಆಮೇಲೆ ಇಳಿಜಾರು, ಕೆಳಗೊಂದು ಹೊಳೆ. ಸೇತುವೆ ಇಲ್ಲ. ಮಳೆ ನಿಂತು ವಾರಗಳು ಕಳೆದಿದ್ದರಿಂದ ನೀರು ಮೊಣಕಾಲಿಗಿಂತ ತುಸು ಮೇಲಷ್ಟೇ, ತಳದ ಕಲ್ಲು ಎಣಿಸುವಷ್ಟು ತಿಳಿ. ಜೀಪು ನೀರಿಗೆ ಇಳಿಯುತ್ತಲೇ ಅಡಿಯಿಂದ ಚುಂಯ್ ಎಂಬ ಸದ್ದು ಬಂತು, ಕಾದ ಕಾವಲಿಗೆ ನೀರು ಚಿಮುಕಿಸಿದಂತೆ.

"ಇಲ್ಲೇ ನಿಲ್ಲಿಸಿ ಅಣ್ಣ," ಎಂದೆ.

"ಹೊಳೆಯ ಮಧ್ಯದಲ್ಲಾ?"

"ಎಂಜಿನ್ ಬಂದ್ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ. ಹಂದಬಾರದು."

ಅಂಗಿ ಕಳಚಿ, ಉಸಿರು ಹಿಡಿದು, ನೀರಿನಲ್ಲಿ ಅಂಗಾತ ಮಲಗಿ ಆಕ್ಸಲ್‌ನ ಅಡಿಗೆ ಸರಿದೆ. ಕಡಲಂಚಿನಲ್ಲಿ ಬೆಳೆದವನಿಗೆ ನೀರಿನೊಳಗೆ ಕಣ್ಣು ಬಿಡುವುದು ಹೊಸದಲ್ಲ. ಆದರೆ ಅಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲೆ ಜೀಪಿನ ಕಪ್ಪು ಹೊಟ್ಟೆ, ಸುತ್ತಲೂ ಹಸಿರು ಬೆಳಕು. ಬಿಸಿಲಿನ ಜಾಲರಿ ಕಲ್ಲುಗಳ ಮೇಲೆ ಓಲಾಡುತ್ತಿತ್ತು. ಎಂಜಿನ್ನಿನ ಸದ್ದು ಬಹಳ ದೂರದ ಹಳ್ಳಿಯ ಚೆಂಡೆಯಂತೆ ಕೇಳುತ್ತಿತ್ತು. ಸಣ್ಣ ಮೀನುಗಳು ಬಂದು ನನ್ನ ಭುಜ ಮುಟ್ಟಿ ಹೋದವು. ಅವಸರ ಎನ್ನುವುದೇ ಅಲ್ಲಿ ಇರಲಿಲ್ಲ. ಹೊರಗೆ ಬಂದು ಉಸಿರೆಳೆದು ಮತ್ತೆ ಮುಳುಗಿದೆ.

ನೂಲಿನಷ್ಟು ತೆಳ್ಳಗಿನ ಪಾಚಿಯ ಎಳೆಯೊಂದು ಹರಿವಿನಲ್ಲಿ ತೇಲಿ ಬಂತು. ಸ್ವಿಚ್ಚಿನ ರಬ್ಬರಿನ ಅಂಚಿನ ಹತ್ತಿರ ಅದು ಹರಿವಿಗೆ ಅಡ್ಡವಾಗಿ ತಿರುಗಿತು. ಅಂಚಿಗೆ ಅಂಟಿಕೊಂಡಿತು. ಆಮೇಲೆ, ಮಗು ಶ್ಯಾವಿಗೆ ಹೀರುವ ಹಾಗೆ, ಮೆಲ್ಲಗೆ ಒಳಗೆ ಹೋಯಿತು.

ನೀರು ಒಳನುಗ್ಗುತ್ತಿರಲಿಲ್ಲ. ಆಕ್ಸಲ್ ಅದನ್ನು ಕುಡಿಯುತ್ತಿತ್ತು.

ದಡದ ಬಂಡೆಯ ಮೇಲೆ ಕೂತು ತಲೆ ಒರೆಸಿಕೊಳ್ಳುವಾಗ ಎಲ್ಲ ಒಂದೊಂದಾಗಿ ಹೊಂದಿಕೊಂಡಿತು. ಏರು ಹತ್ತಿದ ಆಕ್ಸಲ್ ಕಾದಿರುತ್ತದೆ, ಒಳಗಿನ ಗಾಳಿಯೂ ಕಾದಿರುತ್ತದೆ. ತಣ್ಣೀರಿಗೆ ಇಳಿದೊಡನೆ ಆ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಾಳಿ ಸಿಕ್ಕರೆ ಗಾಳಿ, ನೀರು ಸಿಕ್ಕರೆ ನೀರು. ಆಕ್ಸಲ್‌ಗೆ ಉಸಿರಾಡಲೆಂದು ಕಾರ್ಖಾನೆಯವರೇ ಇಟ್ಟಿದ್ದ ಸಣ್ಣ ಮೂತಿ ಎಂದೋ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಬೇರೆ ದಾರಿಯಿಲ್ಲದೆ ಅದು ನನ್ನ ಸ್ವಿಚ್ಚಿನ ಸಂದಿನಿಂದ ಉಸಿರೆಳೆಯುತ್ತಿತ್ತು. ನಾನು ಬಿಗಿ ಮಾಡಿದಷ್ಟೂ ಒಳಹೊಕ್ಕ ನೀರಿಗೆ ಹೊರಬರಲು ದಾರಿ ತಪ್ಪುತ್ತಿತ್ತು.

"ಡಾಕ್ಟ್ರೇ, ಮುಚ್ಚುವುದನ್ನು ಬಿಡುತ್ತೇನೆ," ಎಂದೆ. "ಇದಕ್ಕೆ ಉಸಿರು ಕೊಡಬೇಕು. ನಿಮ್ಮಲ್ಲಿ ರಬ್ಬರ್ ನಳಿಕೆ ಉಂಟಲ್ಲ, ಕೆಂಪಗಿನದ್ದು?"

ಅವರು ಔಷಧಿಯ ಪೆಟ್ಟಿಗೆ ತೆರೆದು ನಳಿಕೆ ತೆಗೆದುಕೊಟ್ಟರು. "ಗಾಡಿಗೂ ಟ್ಯೂಬ್ ಹಾಕುವುದಾ? ಹಾಕಿ. ಬದುಕಿದರೆ ಸಾಕು."

ಮರುದಿನವೇ, ಹಾಕಿದ್ದ ರಾಳ, ಗ್ರೀಸು ಎಲ್ಲ ಕೆರೆದು ತೆಗೆದೆ. ಮುಚ್ಚಿದ್ದ ಮೂತಿಯ ಮಣ್ಣು ಬಿಡಿಸಿ ಅದಕ್ಕೊಂದು ನಳಿಕೆ ಸಿಕ್ಕಿಸಿ, ಬಾನೆಟ್ಟಿನ ಒಳಗೆ ಎತ್ತರಕ್ಕೆ ಒಯ್ದೆ. ಸ್ವಿಚ್ಚಿನ ತಲೆಗೆ ಇನ್ನೊಂದು ನಳಿಕೆ. ಅದರೊಳಗೆ ವಯರನ್ನು ಇಡಿಯಾಗಿ, ಕೆಳಗೆ ಎಲ್ಲೂ ಜೋಡಣೆಯಿಲ್ಲದಂತೆ ಬೆಸುಗೆ ಹಾಕಿ ಎಳೆದೆ. ಇನ್ನು ಆಕ್ಸಲ್ ಹೀರುವುದಿದ್ದರೆ ಎಂಜಿನ್ನಿನ ಪಕ್ಕದ ಒಣ ಗಾಳಿಯನ್ನು ಹೀರಲಿ. ಚಕ್ರ ಎದ್ದು ಬೀಳುವಾಗ ಹರಿಯದಂತೆ ನಳಿಕೆಯನ್ನು ಸಡಿಲ ಬಿಟ್ಟು ಕಟ್ಟಿದೆ. ತಗಡಿನ ಕವಚಕ್ಕೆ ತಳದಲ್ಲಿ ತೂತು ಕೊರೆದೆ, ಬಂದ ಮಣ್ಣು ಹೋಗಲಿ ಎಂದು.

ಆಮೇಲೆ ಜೀಪು ಹೊಳೆ ದಾಟಿತು, ಪೆರ್ಡೂರಿನ ಕಡೆಯ ಕೆಸರಿನಲ್ಲಿ ಹೊರಳಾಡಿತು, ಪರೀಕ್ಷೆಗೆಂದು ಕಾಪುವಿನ ಅಲೆಗಳಲ್ಲಿ ಚಕ್ರ ಮುಳುಗಿಸಿ ನಿಂತಿತು. ಬಿಚ್ಚಿದಾಗಲೆಲ್ಲ ಸ್ವಿಚ್ಚು ಒಣಗಿತ್ತು. ಡಾಕ್ಟರಮ್ಮ ತಮ್ಮ ನಿಯಮವನ್ನು ಹಿಂದಕ್ಕೆ ಪಡೆದರು. "ಮೊದಲ ಸಲ ನೀವೂ ಬನ್ನಿ," ಎಂದರು ನನಗೆ.

ನಾವು ಮರಳಿನ ಪಟ್ಟಿಗೆ ಇಳಿದ ಆ ದಿನ ಕಡಲು ಹಾಲಿನ ಬಣ್ಣಕ್ಕೆ ತಿರುಗಿತ್ತು. ಅಲೆಗಳಿಗೆ ಸದ್ದೇ ಇರಲಿಲ್ಲ. ಬಲೆ ಒಣಗಿಸುವ ಚಪ್ಪರದ ಅಡಿಯಲ್ಲಿ ಡಾಕ್ಟರಮ್ಮ ಮಕ್ಕಳಿಗೆ ಔಷಧಿ ಕೊಡುತ್ತಿದ್ದರು. ನಾನು ಜೀಪಿನ ನೆರಳಿನಲ್ಲಿ ಕೂತು ಅರೆಗಣ್ಣಿನಲ್ಲಿ ದೋಣಿಗಳನ್ನು ನೋಡುತ್ತಿದ್ದೆ. ಆಗ ತೆಂಗಿನ ತೋಟದ ಕಡೆಯಿಂದ ಒಂದು ಕೂಗು ಬಂತು. ಒಬ್ಬ ಹೆಂಗಸು ಓಡಿ ಬಂದಳು. ಅವಳ ಗಂಡ ಸಂಜೆಯ ಕಳ್ಳು ಇಳಿಸಲು ಹತ್ತಿದವನು ಮರದಿಂದ ಬಿದ್ದಿದ್ದ.

ನಾವು ಹೋದಾಗ ಅವನಿಗೆ ಎಚ್ಚರವಿತ್ತು. ಮಾತಾಡುತ್ತಿದ್ದ. ಡಾಕ್ಟರಮ್ಮ ಅವನ ಅಂಗಾಲಿಗೆ ಸೂಜಿಯ ತುದಿ ತಾಗಿಸಿದರು.

"ಗೊತ್ತಾಗ್ತದಾ?"

"ಎಂತದು?" ಎಂದ ಅವನು.

ಡಾಕ್ಟರಮ್ಮನ ಮುಖ ಬದಲಾಯಿತು. ದೋಣಿಯ ಹಲಗೆಯೊಂದನ್ನು ತರಿಸಿ, ಆರು ಜನರ ಕೈಯಲ್ಲಿ ಅವನನ್ನು ಒಂದೇ ಮಟ್ಟದಲ್ಲಿ ಎತ್ತಿಸಿ ಅದರ ಮೇಲೆ ಮಲಗಿಸಿದರು. ತಲೆಯ ಎರಡೂ ಬದಿಗೆ ಮರಳು ತುಂಬಿದ ಬಟ್ಟೆಚೀಲ ಇಟ್ಟರು. ಹೊಳೆ ದಾಟಿಸಿದರೆ ದೋಣಿಗೊಮ್ಮೆ, ದಡಕ್ಕೊಮ್ಮೆ, ಮತ್ತೆ ಕಾರಿಗೊಮ್ಮೆ ಎತ್ತಿ ಇಳಿಸಬೇಕು. ಅದು ಬೇಡವೆಂದು ಅವರೇ ತೀರ್ಮಾನಿಸಿದರು. "ಜೀಪಿನಲ್ಲೇ ಮಣಿಪಾಲಕ್ಕೆ. ಬೆನ್ನುಮೂಳೆ. ಒಂದು ಜರ್ಕ್ ಕೂಡ ಆಗಬಾರದು, ತಿಳಿಯಿತಾ?"

ಚಾಲಕರು ತಲೆ ಆಡಿಸಿದರು. ಡಾಕ್ಟರಮ್ಮ ಹಿಂದೆ ಅವನ ತಲೆ ಹಿಡಿದು ಕೂತರು. ಹೆಂಡತಿ ಕಾಲ ಬಳಿ ಕೂತು ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡಳು. "ನಾನು ಹಿಡಿದದ್ದು ಗೊತ್ತಾಗ್ತದಾ?" ಎಂದು ಕೇಳುತ್ತಲೇ ಇದ್ದಳು.

ಕಡಲಿನ ಭರತ, ಉಬ್ಬರದ ನೀರು, ಏರುತ್ತಿತ್ತು. ಬರುವಾಗ ಹಾಯ್ದಿದ್ದ ಗಟ್ಟಿ ಮರಳಿನ ಮೇಲೆ ಈಗ ನೀರು. ಮೇಲಿನ ಸಡಿಲು ಮರಳಿನಲ್ಲೇ ಹೋಗಬೇಕಾಯಿತು. ಪಟ್ಟಿ ಅತ್ಯಂತ ಕಿರಿದಾಗುವ ಕಡೆ ಹಿಂದಿನ ಎಡಚಕ್ರ ಮೃದುವಾಗಿ ಇಳಿಯಿತು. ಚಾಲಕರು ಕೂಡಲೇ ಕಾಲು ತೆಗೆದರು. ಗಾಡಿ ನಿಂತಿತು. ಅವರು ಲಿವರ್ ಎಳೆದರು.

ದೀಪ ಬರಲಿಲ್ಲ.

ಇನ್ನೊಮ್ಮೆ ಎಳೆದರು. ಇಲ್ಲ. ಅಲೆಯೊಂದು ಬಂದು ಚಕ್ರದ ಬುಡ ನೆನೆಸಿ ಹೋಯಿತು.

"ನಿನ್ನ ದೀಪ ಕೈಕೊಟ್ಟಿತು ಮಾರಾಯ," ಎಂದರು ಅವರು ಮೆಲುದನಿಯಲ್ಲಿ. "ಲಾಕ್ ಬಿದ್ದಿರಬಹುದು. ಸ್ವಲ್ಪ ಎಕ್ಸಲೇಟರ್ ಕೊಟ್ಟು ನೋಡ್ತೇನೆ."

ಲಾಕ್ ನಿಜವಾಗಿ ಬಿದ್ದಿದ್ದರೆ ಅವರು ಹೇಳಿದ್ದು ಸರಿ, ತಡ ಮಾಡಬಾರದು. ಬೀಳದೆ ಇದ್ದರೆ ಚಕ್ರ ತಿರುಗಿ ಇನ್ನೂ ಹೂಳುತ್ತದೆ. ತಿರುಗುವ ಹೊತ್ತಿನಲ್ಲಿ ಹಲ್ಲು ಕಚ್ಚಿತೋ, ಗಾಡಿಯೇ ಹಾರುವಂಥ ಏಟು ಬೀಳುತ್ತದೆ. ಬಾನೆಟ್ ಎತ್ತಿ, ನಳಿಕೆಯಿಂದ ಹೊರಬಂದ ವಯರಿನ ತುದಿ ಕಳಚಿ ಗಾಡಿಯ ಮೈಗೆ ಮುಟ್ಟಿಸಿದೆ. ಒಳಗೆ ದೀಪ ಹೊತ್ತಿತು. ಬಲ್ಬು ಸರಿಯಿತ್ತು, ಮೇಲಿನ ವಯರು ಸರಿಯಿತ್ತು. ಉಳಿದದ್ದು ಕೆಳಗಿನ ಸ್ವಿಚ್ಚು. ಅದನ್ನು ಈಗ ಬಿಚ್ಚಿ ನೋಡುವಂತಿಲ್ಲ. ಅದು ಒಣಗಿದೆ ಎಂದು ನಂಬಬೇಕು, ಇಲ್ಲವೇ ನಂಬಬಾರದು.

ವಯರನ್ನು ಮತ್ತೆ ಜೋಡಿಸಿದೆ. ತಲೆಯೊಳಗೆ ಆ ಹೊಳೆಯ ಅಡಿಯಲ್ಲಿದ್ದಂಥದೇ ನಿಶ್ಶಬ್ದ.

"ಬೇಡ ಅಣ್ಣ," ಎಂದೆ. "ದೀಪ ಸುಳ್ಳು ಹೇಳುತ್ತಿಲ್ಲ. ಹಲ್ಲು ಎದುರುಬದುರು ನಿಂತಿದೆ, ಕಚ್ಚಿಲ್ಲ. ಗಾಡಿ ಒಂದು ಗೇಣು ಹಿಂದೆ ಹೊರಳಿದರೆ ತಾನಾಗಿಯೇ ಬೀಳ್ತದೆ. ಲಿವರ್ ಎಳೆದೇ ಹಿಡಿಯಿರಿ."

ಅವರು ಹಿಂದಕ್ಕೆ ತಿರುಗಿ ಡಾಕ್ಟರಮ್ಮನನ್ನು ನೋಡಿದರು. ಡಾಕ್ಟರಮ್ಮ ನನ್ನನ್ನು ನೋಡಿದರು.

"ಅವರು ಹೇಳಿದ ಹಾಗೆ ಮಾಡಿ," ಎಂದರು.

ಜೊತೆಗೆ ನಡೆದು ಬರುತ್ತಿದ್ದ ಮೀನುಗಾರರು ಹೂತ ಚಕ್ರದ ಹಿಂದಿನ ಮರಳನ್ನು ಕೈಯಲ್ಲೇ ಬಗೆದರು. ಆಮೇಲೆ ದೋಣಿಯನ್ನು ದಡಕ್ಕೆ ತರುವಾಗಿನಷ್ಟೇ ನಾಜೂಕಾಗಿ ಜೀಪಿನ ಮೈಗೆ ಭುಜ ಕೊಟ್ಟರು. ಚಾಲಕರು ಗೇರು ಬಿಡಿಸಿ ಬ್ರೇಕನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿದರು. ಜೀಪು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಹಿಂದಕ್ಕೆ ಹೊರಳಿತು. ಅಡಿಯಿಂದ ಕಟ್ ಎಂದು ಒಂದು ಸಣ್ಣ ಸದ್ದು ಬಂತು.

"ಬಂತು," ಎಂದರು ಚಾಲಕರು. "ಬಂತು, ಬಂತು."

ಎಂಜಿನ್ನಿನ ಸದ್ದು ಏರಲೇ ಇಲ್ಲ. ಎರಡೂ ಹಿಂಚಕ್ರ ಒಟ್ಟಿಗೆ, ನಿಧಾನವಾಗಿ ಮರಳನ್ನು ತುಳಿದವು. ಜೀಪು ಮೇಲೆ ಬಂತು. ಬಾಗಿಲು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಒಳಗಿನ ಹಲಗೆಯೇ ಕಾಣುತ್ತಿತ್ತು. ಅದು ಅಲುಗಲಿಲ್ಲ. ಸೂರ್ಯ ಕಡಲಿನ ಮಟ್ಟಕ್ಕೆ ಇಳಿದು ಇಡೀ ಮರಳಪಟ್ಟಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಮೀನುಗಾರರು, ಜೀಪು, ನಾನು ಎಲ್ಲರೂ ಸದ್ದಿಲ್ಲದೆ ತೇಲಿ ಹೋಗುತ್ತಿದ್ದೇವೆ ಎನ್ನಿಸಿತು.

ಕಾಪುವಿನ ಡಾಂಬರು ಸಿಕ್ಕಿದಾಗ ಚಾಲಕರು ಲಿವರ್ ಬಿಟ್ಟರು. ದೀಪ ಆರಲಿಲ್ಲ. ಅವರು ಗಾಡಿ ತಿರುಗಿಸಲಿಲ್ಲ. ಸ್ವಲ್ಪ ದೂರ ನೇರವಾಗಿ, ನಡಿಗೆಯ ವೇಗದಲ್ಲಿ ಬಿಟ್ಟರು. ಬಿಗಿ ಸಡಿಲಾಗಿ ದೀಪ ಆರಿದ ಮೇಲೆಯೇ ಹೆದ್ದಾರಿಯ ಕಡೆ ಹೊರಳಿಸಿದರು.

ಮಣಿಪಾಲದ ಆಸ್ಪತ್ರೆಯ ಜಗಲಿಯಲ್ಲಿ ನಾವಿಬ್ಬರೂ ಕೂತೆವು, ನಾನು ಒದ್ದೆ ಪಂಚೆಯಲ್ಲೇ. ಚಾಲಕರು ಎಲೆಯಡಿಕೆ ಬಾಯಿಗೆ ಹಾಕುವುದನ್ನೂ ಮರೆತು ಕೈಯಲ್ಲೇ ಹಿಡಿದುಕೊಂಡಿದ್ದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಡಾಕ್ಟರಮ್ಮ ಹೊರಗೆ ಬಂದು ನಮ್ಮ ಪಕ್ಕದ ಮೆಟ್ಟಿಲಿನ ಮೇಲೆ ಕೂತರು. ಅವರ ಸೀರೆಯ ಅಂಚಿನಲ್ಲಿ ಮರಳು ಹಾಗೇ ಇತ್ತು.

"ಎಂತ ಹೇಳಿದರು ಡಾಕ್ಟ್ರೇ?" ಎಂದು ಚಾಲಕರು ಕೇಳಿದರು.

"ಮೂಳೆ ಬಿರುಕು ಬಿಟ್ಟುಂಟು. ನರ ತುಂಡಾಗಲಿಲ್ಲ. ತಿಂಗಳುಗಟ್ಟಲೆ ಮಲಗಬೇಕು." ಅವರು ನಕ್ಕರು, ಕಣ್ಣು ತುಂಬಿತ್ತು. "ಅವನ ಹೆಂಡತಿ ಇನ್ನೂ ಪಾದ ಬಿಟ್ಟಿರಲಿಲ್ಲ. ಈಗ ಅವಳಿಗೆ ಬೈದ. 'ಎಂತ ಮಾರಾಯ್ತಿ, ನಿನ್ನ ಕೈ ಇಷ್ಟು ತಣ್ಣಗುಂಟು' ಅಂತ."